ಬೇನವ್ವನ ನೀಲಿ ದಾರಿ

ಒಂದಾನೊಂದು ಊರಲ್ಲಿ ಕೆಂಚವ್ವ ಅಂತ ಬಟ್ಟೆಗೆ ನೀಲಿ ಬಣ್ಣ ಹಾಕುವ ಮುದುಕಿ ಇದ್ದಳಂತೆ. ಅವಳಿಗೆ ದುರುಗಿ ಎಂಬ ಒಬ್ಬಳೇ ಮೊಮ್ಮಗಳು. ಆ ಊರಿಗೆ ಬೇನವ್ವ ಎಂಬ ಪಿಶಾಚಿ ಬಂದು ಮಕ್ಕಳ ಹೊಟ್ಟೆ ಹೊಕ್ಕಳಂತೆ. ಹೊಕ್ಕ ಮನೆಯಲ್ಲೆಲ್ಲ ವಾಂತಿ, ಭೇದಿ, ಅಳು. ದುರುಗಿಯೂ ಮಲಗಿದಳು.

ಸಂಜೆ ಒರಳುಕಲ್ಲಿನ ಮೇಲೆ ಕೂತು ಬೇನವ್ವ ನಕ್ಕಳಂತೆ.

"ನಮ್ಮವ್ವಾ, ನನ್ನ ಕೂಸನ್ನ ಬಿಡೇ. ಯಾವ ದಾರೀಲಿ ಒಳಗೆ ಬಂದೆ?" ಅಂದಳಂತೆ ಕೆಂಚವ್ವ.

"ಹೇಳಿದ್ರೆ ನನ್ನ ಹೊಟ್ಟೆಪಾಡೇನು ಮುದುಕಿ? ಮೂರು ಸಂಜೆಯೊಳಗೆ ನೀನೇ ಹುಡುಕು. ಸಿಕ್ಕಿದ್ರೆ ಊರು ಬಿಡ್ತೀನಿ. ಸಿಗದಿದ್ರೆ ಹುಡುಗಿ ನನ್ನೋಳು."

ಮೊದಲ ದಿನ ಕೆಂಚವ್ವ ಬಾಗಿಲು ಜಡಿದಳು. "ಅಲ್ಲ," ಅಂದಳಂತೆ ಬೇನವ್ವ. ಎರಡನೆಯ ದಿನ ಬೆಳಕಿಂಡಿ ಮುಚ್ಚಿ, ಒಲೆಯ ಹೊಗೆಯಲ್ಲಿ ಕೆಮ್ಮುತ್ತ ಕೂತಳು. "ಅಲ್ಲವೇ ಅಲ್ಲ! ಹೊಗೇಲಿ ನೀನೇ ಸತ್ತೀಯ, ಬಾಗಿಲು ತೆಗಿ," ಅಂತ ಬೇನವ್ವ ಮತ್ತೂ ನಕ್ಕಳಂತೆ.

ಮೂರನೆಯ ದಿನ ಮಧ್ಯಾಹ್ನ ದುರುಗಿಯ ನೋವು ತುಸು ಇಳಿಯಿತು. ಅಜ್ಜಿ ಬಟ್ಟೆ ಹಿಂಡುತ್ತಿದ್ದಾಗ ಹುಡುಗಿ ಮೆಲ್ಲಗೆ ಎದ್ದು, ಬಣ್ಣದ ಬಾನಿಯಲ್ಲಿ ಕೈಯದ್ದಿ ಆಡಲು ಹೋದಳಂತೆ. ಕೆಂಚವ್ವ ತಿರುಗಿ ನೋಡುತ್ತಾಳೆ, ಕರುವಿನ ಬಾಲದ ಮೇಲೆ ನೀಲಿ ಬೆರಳಿನ ಗುರುತು. ಬಚ್ಚಲ ಕಲ್ಲಿನ ಮೇಲೆ ನೀಲಿ ಬೆರಳು. ತಿಪ್ಪೆಯಲ್ಲಿ ಬಿದ್ದ ಚೆಂಡಿನ ಮೇಲೂ ನೀಲಿ ಬೆರಳು. ಅಲ್ಲಿಂದ ಅಡುಗೆಮನೆಗೆ ಬಂದರೆ, ದುರುಗಿ ಕೈಯಲ್ಲಿ ನೀಲಿ ರೊಟ್ಟಿ!

"ಉಗುಳೇ, ಉಗುಳೇ!" ಅಂತ ಅಜ್ಜಿ ರೊಟ್ಟಿ ಕಿತ್ತುಕೊಂಡಳಂತೆ. ಹುಡುಗಿಯನ್ನು ಬಚ್ಚಲಿಗೆ ಎಳೆದೊಯ್ದು, ಅಂಟವಾಳದ ನೊರೆಯಲ್ಲಿ ಅಂಗೈ ಉಜ್ಜಿದಳು, ಮುಂಗೈ ಉಜ್ಜಿದಳು, ಬೆರಳ ಸಂದು ಉಜ್ಜಿದಳು, ಉಗುರಿನ ಒಳಗನ್ನೂ ಬಿಡಲಿಲ್ಲ. ನೀರು ತಿಳಿಯಾಗಿ ಇಳಿಯುವವರೆಗೂ ಉಜ್ಜಿದಳು.

"ಅಜ್ಜೀ, ಚರ್ಮಾನೂ ತೊಳೆದುಹಾಕ್ತೀಯಾ?"

"ಸುಮ್ನಿರೇ, ನಿನ್ನ ಜೀವ ಉಳಿಸ್ತಿದೀನಿ."

ಸಂಜೆ ಬೇನವ್ವ ಬಂದಳು. ಕೆಂಚವ್ವ ನೀಲಿ ರೊಟ್ಟಿ ಮುಂದೆ ಹಿಡಿದು, "ಬಾಗಿಲಲ್ಲ, ಬೆಳಕಿಂಡಿಯಲ್ಲ. ತಿಪ್ಪೆಯಿಂದ ಕೈಗೆ, ಕೈಯಿಂದ ಬಾಯಿಗೆ. ನಮ್ಮ ಮಕ್ಕಳೇ ನಿನ್ನ ಹೊತ್ತು ತರ್ತಾರೆ!" ಅಂದಳಂತೆ.

ಬೇನವ್ವನ ಮುಖ ಸಪ್ಪಗಾಯಿತು. ದುರುಗಿಯ ಕೈ ತಿರುವಿ ನೋಡಿದಳು, ಉಗುರಿನ ಸಂದಿಗೆ ಇಣುಕಿದಳು. ಕೂರಲು ಎಳ್ಳಷ್ಟೂ ಜಾಗವಿಲ್ಲ. "ತೊಳೆಯದ ಕೈ ಸಿಕ್ಕಾಗ ಬರ್ತೀನಿ," ಎಂದು ಗೊಣಗುತ್ತ ಊರ ಗಡಿ ದಾಟಿದಳಂತೆ.

ಬೆಳಗ್ಗೆ ದುರುಗಿ ಕಣ್ಣುಜ್ಜುತ್ತ ಎದ್ದು, "ಅಜ್ಜೀ, ಹಸಿವು," ಅಂದಳು. ಅಷ್ಟು ಕೇಳಿದ್ದೇ ಕೆಂಚವ್ವ ಗೋಡೆಗೊರಗಿ ಕೂತುಬಿಟ್ಟಳಂತೆ. ಅಳುತ್ತ ನಕ್ಕಳು, ನಗುತ್ತ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮೊದಲು ಕೈ ತೊಳ್ಕೊಂಡು ಬಾ, ಆಮೇಲೆ ಹಸಿವು," ಅಂದಳಂತೆ.

ಅಂದಿನಿಂದ ಆ ಊರ ಮಕ್ಕಳು ಬಚ್ಚಲಿಂದ ಬಂದರೂ, ಆಟದಿಂದ ಬಂದರೂ ಕೈ ತೊಳೆದೇ ಊಟಕ್ಕೆ ಕೂರುತ್ತಾರಂತೆ. ಅವರ ತಟ್ಟೆಗೆ ಅಲ್ಲಿ ರೊಟ್ಟಿ ಬಿತ್ತು, ನಮ್ಮ ಕಥೆ ಇಲ್ಲಿಗೆ ಮುಗೀತು. ಎಲ್ಲಿ, ನಿಮ್ಮ ಕೈ ತೋರಿಸಿ ನೋಡೋಣ!