ಕೊಕ್ಕರೆ ಕೊಟ್ಟ ತರಬೇತಿ

ಪ್ಲಾಸ್ಟಿಕ್ ಗುಜರಿ ಅಂಗಡಿ ನಡೆಸುವ ಪ್ರಾಣಿಗಳಿಗೆ ಕೆರೆಯ ದಂಡೆಯಲ್ಲಿ ವ್ಯಾಪಾರ ಯೋಜನೆಯ ತರಬೇತಿ ಏರ್ಪಾಟಾಗಿತ್ತು. ಪಾಠ ಹೇಳಲು ಬಂದ ಕೊಕ್ಕರೆ ಒಂಟಿ ಕಾಲಲ್ಲಿ ನಿಂತು, “ತೇಲುವುದನ್ನು ಹಿಡಿದುಕೊಳ್ಳಿ, ಮುಳುಗುವುದನ್ನು ಕೈಬಿಡಿ. ಯೋಜನೆ ಎಂದರೆ ಇಷ್ಟೇ” ಎಂದಿತು. ಬಾತುಕೋಳಿ ತಲೆದೂಗಿತು. ಆಮೆ ಚಿಪ್ಪಿನೊಳಗೆ ನಿದ್ದೆ ಹೋಗಿತ್ತು.

ಮರುದಿನ ಬಾತುಕೋಳಿ ಎಂದಿನಂತೆ ಬಾಟಲಿಗಳನ್ನು ಚೂರು ಮಾಡಿ ತೊಟ್ಟಿಯ ನೀರಿಗೆ ಸುರಿಯಿತು. ಮುಚ್ಚಳದ ಚೂರುಗಳು ತೇಲಿದವು, ಬಾಟಲಿಯ ಚೂರುಗಳು ಮುಳುಗಿದವು. ಒಳ್ಳೆಯ ಬೆಲೆ ಬರುವುದು ಮುಳುಗಿದ್ದಕ್ಕೇ ಎಂದು ಬಾತುಕೋಳಿಗೂ ಗೊತ್ತಿತ್ತು. ಆದರೆ ತರಬೇತಿಗೆ ಹೋಗಿ ಬಂದ ಮೇಲೆ ಹಳೆಯ ರೀತಿಯಲ್ಲೇ ನಡೆದರೆ ಮರ್ಯಾದೆಯೇ? ಮುಳುಗಿದ್ದನ್ನೆಲ್ಲ ಬಾಚಿ ಹೊರಗೆಸೆಯಿತು. ಪಕ್ಕದ ಅಂಗಡಿಯ ಆಮೆ ಅದನ್ನು ಆರಿಸಿಕೊಂಡು ತನ್ನ ಮಾಲಿನ ಜೊತೆ ಮಾರಿತು.

ಕೆಲವೇ ದಿನಗಳಲ್ಲಿ ಬಾತುಕೋಳಿಯ ಅಂಗಡಿಗೆ ಬೀಗ ಬಿತ್ತು. ಅದು ಕೊಕ್ಕರೆಯ ಬಳಿಗೆ ಓಡಿತು.

“ಸ್ವಾಮಿ, ತಾವು ಹೇಳಿದಂತೆಯೇ ಮಾಡಿದೆ. ನನ್ನ ವ್ಯಾಪಾರ ಮುಳುಗಿತು.”

“ಮುಳುಗಿತೇ? ಹಾಗಾದರೆ ಅದನ್ನೂ ಕೈಬಿಡಿ” ಎಂದ ಕೊಕ್ಕರೆ, ಕೊಕ್ಕನ್ನು ನೀರಿನ ತಳಕ್ಕೆ ಇಳಿಸಿ ಒಂದು ಮೀನನ್ನು ಎತ್ತಿಕೊಂಡಿತು.