ಗಿರಣಿಯವಳ ಪಟ

“ಬುದ್ಧೀ, ಧ್ಯಾನಕ್ಕೆ ಕೂತರೆ ತೀರಿಹೋದ ಅವ್ವನ ಗೊಣಗಾಟವೇ ಕಿವಿ ತುಂಬುತ್ತದೆ. ಅದನ್ನು ಮನಸ್ಸಿನಿಂದ ಪೂರ್ತಿ ಒರೆಸಿಹಾಕುವುದು ಹೇಗೆ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ. ಅದೊಂದು ತೊಲಗಿದರೆ ದೀಕ್ಷೆಗೆ ಯೋಗ್ಯನಾದೆ ಎಂಬುದು ಅವನ ನಂಬಿಕೆ.

ಗುರುಗಳು ನಕ್ಕರು. ಒರೆಸುವುದರಲ್ಲಿ ನಿನ್ನನ್ನೂ ಮೀರಿಸಿದ ಗಟ್ಟಿಗನೊಬ್ಬನಿದ್ದ, ಕೇಳು ಎಂದು ಕತೆ ತೆಗೆದರು.

ಒಬ್ಬ ಫೋಟೋಗ್ರಾಫರ್. ಚಿತ್ರದಲ್ಲಿ ಕಣ ಕಂಡರೆ ಅವನಿಗೆ ಮೈಯೆಲ್ಲ ಉರಿ. ಫಿಲ್ಮಿನ ಮೇಲೆ ಚಿತ್ರ ಮೂಡುವುದೇ ಕಣಗಳಿಂದ. ಕೆಲವು ಫಿಲ್ಮುಗಳಲ್ಲಿ ಅವು ನುಣುಪು, ಕೆಲವುಗಳಲ್ಲಿ ಮರಳಿನ ಹಾಗೆ ಒರಟು. ನುಣುಪಿನದಕ್ಕೆ ಹೇರಳ ಬೆಳಕು ಬೇಕು. ಒರಟಿನದು ಮಬ್ಬಿನಲ್ಲೂ ಚಿತ್ರ ಹಿಡಿಯುತ್ತದೆ. ಈ ಪುಣ್ಯಾತ್ಮ ಒರಟು ಫಿಲ್ಮು ಮುಟ್ಟಿದ್ದು ಒಂದೇ ಸಲ.

ಹಿಟ್ಟಿನ ಗಿರಣಿಯವನೊಬ್ಬ ತನ್ನ ಹೆಂಡತಿಯ ಪಟ ತೆಗೆಯಲು ಅವನನ್ನು ಕರೆದಿದ್ದ. ಆಕೆಯೋ ಗಿರಣಿ ಬಿಟ್ಟು ಅಲ್ಲಾಡುವವಳಲ್ಲ. ಒಳಗೆ ಒಂದೇ ಹಳದಿ ಬಲ್ಬು, ಗಾಳಿಯಲ್ಲೆಲ್ಲ ಹಿಟ್ಟು. ಆ ಮಂಜಿನೊಳಗೆ ನಿಂತು ಆಕೆ ನಕ್ಕಳು. ಇವನು ವಿಧಿಯಿಲ್ಲದೆ ಒರಟು ಫಿಲ್ಮು ಹಾಕಿ ಒಂದು ಪಟ ತೆಗೆದ.

ಕಾಲ ಸರಿಯಿತು. ಆಕೆ ತೀರಿಕೊಂಡಳು. ಮನೆಯಲ್ಲಿದ್ದ ಆ ಪಟ ಗೆದ್ದಲ ಪಾಲಾಗಿತ್ತು. ಗಿರಣಿಯವನು ಬಂದು, ಬರಬರುತ್ತ ಅವಳ ಮುಖವೇ ನೆನಪಿಗೆ ಬಾರದಾಗಿದೆ, ಹೆದರಿಕೆಯಾಗುತ್ತದೆ, ಆ ಪಟವನ್ನು ಇನ್ನೊಮ್ಮೆ ಮಾಡಿಕೊಡಿ ಎಂದ.

ಫೋಟೋಗ್ರಾಫರ್ ಒಪ್ಪಿಕೊಂಡ. ಹಳೆಯ ಫಿಲ್ಮನ್ನು ಹುಡುಕಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಮುಂದೆ ಕೂತ. ಕನಸಿನಲ್ಲಿ ಯಾರೋ ಬಾಗಿಲಿಗೆ ಬಂದ ಹಾಗೆ ಮುಖ ತೇಲಿ ಬಂತು. ಅದರ ತುಂಬ ಕಣ. ಪಾಪದವನಿಗೆ ಇಂಥದ್ದನ್ನು ಕೊಡುವುದುಂಟೇ ಎಂದುಕೊಂಡ. ಕಣ ತೆಗೆದ. ಹಳದಿ ತೆಗೆದ. ತೆಗೆದಷ್ಟೂ ಹಾಯೆನಿಸಿತು, ನಿದ್ದೆಗೆ ಜಾರುವಾಗಿನ ಸುಖ ಅದು. ಕೆನ್ನೆ ನುಣ್ಣಗಾಯಿತು.

ಗಿರಣಿಯವನು ಪಟವನ್ನು ಬಹಳ ಹೊತ್ತು ನೋಡಿದ.

“ಚೆನ್ನಾಗಿದ್ದಾರೆ. ಯಾರಿವರು?” ಎಂದ.

“ನಿಮ್ಮ ಮನೆಯವರೇ ಅಲ್ಲವೇ?”

“ಕೆನ್ನೆಯ ಮೇಲೆ ಹಿಟ್ಟಿಲ್ಲದ ಅವಳನ್ನು ನಾನು ಕಂಡೇ ಇಲ್ಲ, ಸ್ವಾಮಿ.”

ಇದ್ದ ಒಂದು ಪಟವೂ ಹೋಯಿತೆಂದು ಅವನು ಅಲ್ಲೇ ಕುಸಿದು ಕೂತ.

ಫೋಟೋಗ್ರಾಫರನಿಗೆ ನಾಚಿಕೆಯಾಯಿತು. ಕಣವೆಂದು ಅಳಿಸಿದ್ದರಲ್ಲಿ ಅವಳ ಹಿಟ್ಟೂ ಹೋಗಿತ್ತು. ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿದ, ಈ ಸಲ ಏನನ್ನೂ ಮುಟ್ಟಲಿಲ್ಲ. ಹಳದಿ ಮಬ್ಬಿನೊಳಗಿಂದ ಆಕೆ ನಿಧಾನವಾಗಿ ಬಂದು ನಿಂತಳು. ಯಾವುದು ಕಣ, ಯಾವುದು ಹಿಟ್ಟು, ಅವನಿಗೇ ತಿಳಿಯಲಿಲ್ಲ. ಗಿರಣಿಯವನು ಎದ್ದು ಬಂದು, ಆಕೆ ಬದುಕಿದ್ದಾಗ ಮಾಡುತ್ತಿದ್ದ ಹಾಗೆಯೇ, ಹೆಬ್ಬೆರಳಿನಿಂದ ತೆರೆಯ ಮೇಲಿನ ಆ ಕೆನ್ನೆಯನ್ನು ಒರೆಸಲು ಹೋದ.

ಕತೆ ಮುಗಿಯಿತು. ಮರುಳಸಿದ್ಧ ಒಪ್ಪಲಿಲ್ಲ. ಪಟದ ಮಾತು ಬೇರೆ, ಧ್ಯಾನದ ಮಾತು ಬೇರೆ, ಅವ್ವ ಹೋದರೆ ತಾನೇ ಮನಸ್ಸು ತಿಳಿಯಾಗುವುದು ಎಂದು ವಾದಕ್ಕೆ ನಿಂತ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ನಿನ್ನೊಳಗಿನ ಅವ್ವನನ್ನು ಒರೆಸಿದ ಮೇಲೆ ಧ್ಯಾನಕ್ಕೆ ಕೂರುವವನು ಯಾರಪ್ಪ?”