ಉಳಿ ಹಿಡಿದ ರಾಜಕುಮಾರಿಯ ಒಗಟು

“ಹೊನ್ನಮರಡಿ ಸೀಮೆಯವರೆಲ್ಲ ಕೇಳಿ. ದೊರೆ ವೀರಧವಳರ ಮಗಳು ಚಂದಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು. ಅರಸನೆಂದಾಗಲಿ ಕೂಲಿಯವನೆಂದಾಗಲಿ ಭೇದವಿಲ್ಲ.” ಹೀಗೆಂದು ಡಂಗುರದವನು ಬೀದಿಬೀದಿಯಲ್ಲಿ ಸಾರಿ ಹೋದ.

ತಲೆ ತೆಗೆಯುವ ಮಾತು ಚಂದಲೆಯದಲ್ಲ. ಅವಳಿಗೆ ಮರಗೆಲಸದ ಹುಚ್ಚು. ಅರಮನೆಯ ಹಿತ್ತಿಲಲ್ಲಿ ಕೂತು ಉಳಿ, ಕೊಡತಿ ಹಿಡಿದು ಗೊಂಬೆ, ಸೌಟು, ಮಣೆ ಮಾಡುತ್ತಿದ್ದಳು. ಈ ಖುಷಿ ಗೊತ್ತಿರುವ ಗಂಡನೇ ಬೇಕೆಂದು ಒಗಟು ಕಟ್ಟಿದ್ದಳು. ಮೊದಲು ಬಂದ ರಾಜಕುಮಾರನೊಬ್ಬ ಅವಳ ಅಂಗೈ ನೋಡಿ, “ಇದೇನು, ಬಡಗಿಯ ಕೈ” ಎಂದು ತುಂಬಿದ ಸಭೆಯಲ್ಲಿ ನಕ್ಕುಬಿಟ್ಟ. ದೊರೆ ಸಿಟ್ಟಿನ ಭರದಲ್ಲಿ ಕುಲದೇವತೆಯ ಮೇಲೆ ಆಣೆಯಿಟ್ಟು, ಮೂರೂ ಬಿಡಿಸುವವನು ಸಿಗುವವರೆಗೆ ತಪ್ಪಿದವರ ತಲೆ ತೆಗೆಸುತ್ತೇನೆ ಎಂದ. ನಕ್ಕವನು ಸುಖವಾಗಿ ತನ್ನೂರಿಗೆ ಹೋದ. ಸಿಟ್ಟೂ ಇಳಿಯಿತು. ಆಣೆ ಮಾತ್ರ ಉಳಿದುಕೊಂಡಿತು.

ಒಗಟು ಕೇಳುವುದೇ ಇಲ್ಲವೆಂದು ಚಂದಲೆ ತಂದೆಯ ಕಾಲು ಹಿಡಿದಳು.

“ನೀನು ಕೇಳದಿದ್ದರೆ ಮಂತ್ರಿ ಕೇಳುತ್ತಾನೆ, ಮಗಳೇ. ಇದು ನನ್ನ ಕೈ ಮೀರಿದೆ,” ಎಂದ ದೊರೆ.

ಮೊದಲ ಒಗಟು ಇದು: “ಬದುಕಿದ್ದಾಗ ನೀರು ಕುಡಿದು ಎತ್ತರಕ್ಕೆ ಬೆಳೆಯುತ್ತದೆ, ಸತ್ತ ಮೇಲೆ ನೀರು ಕುಡಿದು ಅಗಲಕ್ಕೆ ಬೆಳೆಯುತ್ತದೆ. ಯಾವುದು?” ಕಡಲ ಕಡೆಯ ಅರಸುಮಗ “ಮೀನು” ಎಂದ. ಇನ್ನೊಬ್ಬ “ವೀರನ ಕೀರ್ತಿ” ಎಂದ. ಇಬ್ಬರ ತಲೆಯೂ ಹೋಯಿತು.

ಅವರ ಬಟ್ಟೆಗಳು ಒಗೆಯಲು ಬಂದದ್ದು ಮಡಿವಾಳರ ಮಾಚಣ್ಣನ ಕೈಗೆ. ಮಾಚಣ್ಣ ಹೊಳೆಯಿಂದ ನೇರ ಬೊಪ್ಪನ ಮನೆಗೆ ಬಂದ. ಬೊಪ್ಪ ಕಂಬಳಿ ನೇಯುವ ಹುಡುಗ. ಇಬ್ಬರಿಗೂ ಮರಗೆಲಸ ಕಸುಬಲ್ಲ, ಸಂತೋಷ. ಹೊತ್ತು ಇಳಿದ ಮೇಲೆ ಅಂಥ ನಾಲ್ಕಾರು ಮಂದಿ ಊರ ಕಟ್ಟೆಯ ಮೇಲೆ ಸೇರುತ್ತಿದ್ದರು. ಒಬ್ಬ ಕೆತ್ತಿದ್ದನ್ನು ಇನ್ನೊಬ್ಬ ತಿರುವಿ ನೋಡಿ, ಉಳಿ ಹೀಗೆ ಹಿಡಿ, ಮರದ ಎಳೆ ಹೋದ ಕಡೆಗೇ ಕೆತ್ತು ಎಂದು ಹೇಳಿಕೊಡುತ್ತಿದ್ದ.

“ಎಷ್ಟು ಉಜ್ಜಿದರೂ ಆ ಕಲೆ ಹೋಗಲಿಲ್ಲ, ಬೊಪ್ಪ,” ಎಂದ ಮಾಚಣ್ಣ. “ಮೊದಲನೆಯದು ನನಗೆ ಗೊತ್ತು. ಉಳಿದವೂ ಹೊಳೆದಾವು. ಮದುವೆ ಯಾರಿಗೆ ಬೇಕು? ಇದು ನಿಲ್ಲಬೇಕು, ಅಷ್ಟೆ.”

“ಹೋಗಬೇಡ, ಮಾಚಣ್ಣ.”

ಮಾಚಣ್ಣ ಹೋದ. “ಮರ,” ಎಂದ. “ನೆಲದಲ್ಲಿದ್ದಾಗ ಎತ್ತರಕ್ಕೆ ಹೋಗುತ್ತದೆ. ಹಲಗೆಯಾದ ಮೇಲೆ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅದಕ್ಕೇ, ತಾಯಿ.” ಚಂದಲೆಯ ಮುಖ ಅರಳಿತು. ಎರಡನೆಯದು ಕೇಳಿದಳು: “ಕೈ ಹೋದ ಜಾಗದಲ್ಲಿ ಕಣ್ಣು ಮೂಡಿತು. ಆ ಕಣ್ಣು ಏನನ್ನೂ ನೋಡದು, ಉಕ್ಕಿನ ಬಾಯನ್ನು ಮಾತ್ರ ಮುಕ್ಕು ಮಾಡುತ್ತದೆ.” ಮಾಚಣ್ಣ ತಲೆಯೆತ್ತಿದ. ಕತ್ತಿ ಹಿಡಿದು ನಿಂತವನು ಕಣ್ಣಿಗೆ ಬಿದ್ದ. ಹೆದರಿಕೆಯಲ್ಲಿ “ಕೋಟೆಯ ಕಿಂಡಿ” ಎಂದುಬಿಟ್ಟ. ಚಂದಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ತಲೆ ತೆಗೆಯುವುದೆಂದಾಯಿತು. ಸುದ್ದಿ ತಿಳಿದು ಬೊಪ್ಪ ಓಡಿಬಂದ. ಕಾವಲಿನವರಿಗೆ ಕೈ ಮುಗಿದ, ಮಂತ್ರಿಯ ಕಾಲಿಗೆ ಬಿದ್ದ. ಕೊನೆಗೆ ದೊರೆಯ ಎದುರು ಬಂದು ನಿಂತ.

“ಅವನನ್ನು ಬಿಟ್ಟುಬಿಡಿ, ಬುದ್ಧಿ.”

“ನನಗೂ ಬಿಡುವ ಆಸೆ,” ಎಂದ ದೊರೆ, ಅವನ ಮುಖ ನೋಡದೆ. “ಮೂರೂ ಬಿಡಿಸಿದವನೊಬ್ಬ ಸಿಕ್ಕರೆ ಆಣೆ ತೀರುತ್ತದೆ. ಅಲ್ಲಿಯವರೆಗೆ ನಾನೂ ಅದರ ಆಳು.”

“ಹಾಗಾದರೆ ನನ್ನನ್ನೇ ಕೇಳಿ,” ಎಂದ ಬೊಪ್ಪ. ಅದು ಧೈರ್ಯವಲ್ಲ, ಬೇರೆ ದಾರಿ ತೋಚಲಿಲ್ಲ.

ಮೊದಲನೆಯದಕ್ಕೆ ಮಾಚಣ್ಣನ ಉತ್ತರವನ್ನೇ ಹೇಳಿದ. ಎರಡನೆಯದಕ್ಕೆ ತಡವರಿಸಿದ. “ಮರದ ಗಂಟು ಇರಬೇಕು. ಕೊಂಬೆ ಮುರಿದು ಹೋದಲ್ಲಿ ಮರ ಸುತ್ತಿಕೊಂಡು ಬೆಳೆಯುತ್ತದೆ. ಹಲಗೆ ಕೊಯ್ದರೆ ಅಲ್ಲಿ ಕಣ್ಣಿನ ಹಾಗೆ ಕಾಣುತ್ತದೆ. ನನ್ನ ಉಳಿ ಅಲ್ಲೇ ಮುಕ್ಕಾಯಿತು. ಗಂಟನ್ನು ಬಿಟ್ಟು ಸುತ್ತಿನಿಂದ ಬಾ ಎಂದು ಮಾಚಣ್ಣ ತೋರಿಸಿಕೊಟ್ಟ.”

ಚಂದಲೆ ಹೌದೆಂದು ತಲೆಯಾಡಿಸಿದಳು. ಆಮೇಲೆ ಮೂರನೆಯದನ್ನು ಕೇಳಿದಳು: “ಇವತ್ತು ಆಗದಿದ್ದರೆ ನಾಳೆ ಮಾಡಬಹುದು. ಆದ ಮೇಲೆ ಮಾಡಿದವನೂ ಸರಿಮಾಡಲಾರ, ಅರಸನೂ ಸರಿಮಾಡಲಾರ. ಏನದು?”

ಸಾವು ಎಂಬ ಮಾತು ಬೊಪ್ಪನ ತುಟಿಯವರೆಗೆ ಬಂತು. ಆದರೆ ಸಾವನ್ನು ನಾಳೆಗೆ ಇಡುವುದು ಯಾರ ಕೈಯಲ್ಲಿದೆ ಎನ್ನಿಸಿ ನಿಂತ. ಕಣ್ಣಲ್ಲಿ ನೀರು ತುಂಬಿತು. ಮಾಚಣ್ಣ ಒಬ್ಬನೇ ನೆನಪಾಗುತ್ತಿದ್ದ. ಬೊಪ್ಪ ಉತ್ತರದ ಬದಲು ಅವನ ಸುದ್ದಿಯನ್ನೇ ಹೇಳತೊಡಗಿದ.

“ಅವ್ವನಿಗೆಂದು ಒಂದು ಪೀಠ ಮಾಡಲು ಕೂತಿದ್ದೆ, ಬುದ್ಧಿ. ಒಂದು ಕಾಲು ಗಿಡ್ಡವಾಯಿತು. ಉಳಿದವನ್ನು ಅದಕ್ಕೆ ಸಮ ಮಾಡಹೋಗಿ ಕೊಯ್ದೂ ಕೊಯ್ದೂ ಪೀಠ ಮಣೆಯಾಯಿತು. ಎಲ್ಲರೂ ನಕ್ಕರು. ಮಾಚಣ್ಣ ನಗಲಿಲ್ಲ. ಗೆರೆಯ ಆಚೆಗೇ ಕೊಯ್ಯಿ ಬೊಪ್ಪ, ಹೆಚ್ಚಿದ್ದರೆ ನಾಳೆ ತೆಗೆದೇವು, ಕೊಯ್ದದ್ದನ್ನು ಕೂಡಿಸಲು ಬರೋದಿಲ್ಲ ಎಂದ.” ಬೊಪ್ಪ ಅಲ್ಲಿಗೆ ನಿಂತು ಚಂದಲೆಯ ಕಡೆ ನೋಡಿದ. “ಕೊಯ್ಯುವುದೇ, ಅಲ್ಲವೇ ತಾಯಿ?”

“ಅದೇ,” ಎಂದಳು ಚಂದಲೆ.

ದೊರೆ ಕತ್ತಿಯವನಿಗೆ ಹೊರಗೆ ಹೋಗಲು ಸನ್ನೆ ಮಾಡಿದ.

ಮಾಚಣ್ಣ ಬಿಡುಗಡೆಯಾಗಿ ಬಂದ. ಮದುವೆಯ ಮಾತು ಬಂದಾಗ ಬೊಪ್ಪ ಚಂದಲೆಯ ಮನಸ್ಸು ಕೇಳಿದ. ಅವಳು ಒಪ್ಪಿದ ಮೇಲೆಯೇ ತಾನು ಒಪ್ಪಿದ. ಅರ್ಧ ರಾಜ್ಯವೂ ಬಂತು. ಸಂಜೆಯಾದರೆ ಗಂಡ ಹೆಂಡತಿ ಇಬ್ಬರೂ ಊರ ಕಟ್ಟೆಗೆ ಬರುತ್ತಿದ್ದರು. ಅವಳು ಉಳಿಯನ್ನು ಓರೆಯಾಗಿ ಮಸೆದರೆ ಮಾಚಣ್ಣ ಅವಳನ್ನೂ ಗದರುತ್ತಿದ್ದ.

ಸತ್ತ ರಾಜಕುಮಾರರ ತಾಯಂದಿರಿಗೆ ದೊರೆ ಆನೆಗಳ ಮೇಲೆ ರೇಷ್ಮೆಯನ್ನೂ ಚಿನ್ನವನ್ನೂ ಹೇರಿಸಿ ಕಳಿಸಿದ. ಸ್ವಲ್ಪ ದಿನಕ್ಕೆ ಆನೆಗಳು ತಿರುಗಿ ಬಂದವು. ಹೇರಿದ ಗಂಟುಗಳನ್ನು ಆ ತಾಯಂದಿರು ಬಿಚ್ಚಿಯೂ ನೋಡಿರಲಿಲ್ಲ. ದೊರೆ ಅಂಗಳಕ್ಕೆ ಇಳಿದು ಬಂದು ಅವುಗಳ ನಡುವೆ ನಿಂತ.